ಕಿರ್ದಿಯಿಂದ ಚಿತ್ರಕ್ಕೆ: ತಂತ್ರಾಂಶದ ಇತಿಹಾಸವನ್ನು ಕಣ್ಣಾರೆ ಕಾಣುವ ಬಗೆ

ನಮ್ಮ ಸಂಘದ ಸ್ಮರಣ ಸಂಚಿಕೆಗೆ ವೈದ್ಯ ಮಿತ್ರರು ವರ್ಷಂಪ್ರತಿ ರಕ್ತದೊತ್ತಡ, ಮಧುಮೇಹ, ಕೀಲುನೋವು ಮೊದಲಾದವುಗಳ ವಿಷಯವಾಗಿ ಉಪಯುಕ್ತ ಲೇಖನಗಳನ್ನು ಬರೆದುಕೊಡುತ್ತ ಬಂದಿದ್ದಾರೆ. ಬ್ಯಾಂಕಿನ ಅಧಿಕಾರಿಯಾದ ನನ್ನಿಂದ ಸಂಪಾದಕ ಮಂಡಳಿಯವರು ಸಾಮಾನ್ಯವಾಗಿ ಅಪೇಕ್ಷಿಸುವುದು ಠೇವಣಿಯ ನಾಮನಿರ್ದೇಶನ, ಗೃಹಸಾಲ, ಉಯಿಲು ಇತ್ಯಾದಿ. ಈ ಸಲ ಆ ಪರಿಪಾಠವನ್ನು ಬಿಟ್ಟು, ನನ್ನ ಕಕ್ಷೆಗೆ ಸೇರದ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ವಾಣಿಜ್ಯ ಪದವೀಧರನೊಬ್ಬ ಗಣಕಯಂತ್ರದ ತಂತ್ರಾಂಶದ ಕುರಿತು ಬರೆಯಹೊರಡುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಲೆಕ್ಕದ ಪುಸ್ತಕದ ಪರಿಚಯವಿದ್ದವನಿಗೆ ಇದು ಅಷ್ಟೇನೂ ಹೊಸತಲ್ಲವೆಂಬುದು ಕಳೆದೊಂದು ವರ್ಷದಲ್ಲಿ ನನಗೆ ಮನವರಿಕೆಯಾಗಿದೆ.

ವಿಷಯವಿಷ್ಟು: ಒಂದು ತಂತ್ರಾಂಶವನ್ನು ಯಾರು, ಯಾವಾಗ, ಯಾವ ಕ್ರಮದಲ್ಲಿ ಕಟ್ಟಿದರೆಂಬ ಇತಿಹಾಸವು ಅದರ ಕಡತಗಳನ್ನಿಡುವ ಭಂಡಾರದಲ್ಲಿಯೇ ದಾಖಲಾಗಿರುತ್ತದೆ. ಆ ದಾಖಲೆಯನ್ನು ಚಲನಚಿತ್ರದಂತೆ ಪರದೆಯ ಮೇಲೆ ನೋಡಲು ಸಾಧ್ಯವಿದೆ. ಹಾಗೆ ನೋಡಿದಾಗ ಕೆಲಸದ ಭಾರವು ಯಾರ ಹೆಗಲ ಮೇಲಿದೆ ಎಂಬುದು ತಂತ್ರಜ್ಞಾನವರಿಯದವನ ಕಣ್ಣಿಗೂ ಬೀಳುತ್ತದೆ.

ಇದು ನನ್ನ ಗಮನಕ್ಕೆ ಬಂದ ಸಂದರ್ಭವು ಅಷ್ಟೊಂದು ಹೆಮ್ಮೆಯದಲ್ಲ. ಕಳೆದ ವರ್ಷ ವಾರ್ಷಿಕೋತ್ಸವಕ್ಕೆ ಇನ್ನು ಹನ್ನೆರಡು ದಿನಗಳಿರುವಾಗ ಸಂಘದ ಕಛೇರಿಗೆ ಹೊಸ ಗಣಕಯಂತ್ರವನ್ನು ಕೊಂಡೆವು. ಹಳೆಯದರಲ್ಲಿ ನಡೆಯುತ್ತಿದ್ದ ಸದಸ್ಯತ್ವದ ತಂತ್ರಾಂಶವು ಹೊಸದರಲ್ಲಿ ನಡೆಯಲೊಲ್ಲದು. ರಸೀದಿಗಳು ನಿಂತವು. ಅದಕ್ಕಿಂತ ಮಿಗಿಲಾಗಿ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದ ಮಕ್ಕಳ ಪಟ್ಟಿ, ಅವರ ಅಂಕಗಳು, ಬ್ಯಾಂಕು ಖಾತೆಗಳ ವಿವರ ಎಲ್ಲವೂ ಅದರೊಳಗೇ ಉಳಿದವು. ಆ ತಂತ್ರಾಂಶವನ್ನು ಬರೆದಿದ್ದವನು ನನ್ನ ಅಕ್ಕನ ಮಗ. ಕೋಪರಿಯ ನಮ್ಮ ಮನೆಗೆ ನಾಲ್ಕು ಕಟ್ಟಡಗಳಾಚೆ ಅವರ ಮನೆ. ದಿನವೂ ಠಾಣೆಯಿಂದ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ಐರೋಲಿಯ ಕಂಪನಿಯೊಂದಕ್ಕೆ ಹೋಗಿಬರುತ್ತಾನೆ. 2016ರಲ್ಲಿ ಸಂಘದ ಯುವ ವಿಭಾಗದ ಉತ್ಸಾಹದಲ್ಲಿ, ಒಂದು ಪೈಸೆಯನ್ನೂ ತೆಗೆದುಕೊಳ್ಳದೆ ಅದನ್ನು ಮಾಡಿಕೊಟ್ಟಿದ್ದ. ಅದು ಕೆಟ್ಟು ನಿಂತ ಆ ದಿನಗಳಲ್ಲಿ ಅವನು ಡೆಂಗ್ಯೂ ಜ್ವರದಿಂದ ಆಸ್ಪತ್ರೆಯ ಹಾಸಿಗೆಯಲ್ಲಿದ್ದ. ರಕ್ತದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಮನೆಯವರು ಬೆಳಿಗ್ಗೆ ಸಂಜೆ ಕೇಳಿ ತಿಳಿದುಕೊಳ್ಳುತ್ತಿದ್ದ ಹೊತ್ತಿನಲ್ಲಿ, ಕಾರ್ಯಕಾರಿ ಸಮಿತಿಯ ಏಳೆಂಟು ಮಂದಿ ಅವನಿಗೆ ದೂರವಾಣಿ ಕರೆ ಮಾಡಿ ‘ಪಾಸ್‌ವರ್ಡ್ ಎಲ್ಲಿದೆ, ರಸೀದಿ ಹೇಗೆ’ ಎಂದು ವಿಚಾರಿಸಿದೆವು. ಆ ಏಳೆಂಟು ಮಂದಿಯಲ್ಲಿ ನಾನೂ ಒಬ್ಬ. ಮೂರನೆಯ ದಿನ ಅಕ್ಕ ಅವನ ಫೋನನ್ನು ಕಸಿದುಕೊಂಡು ಮುಚ್ಚಿಟ್ಟಳು. ವಿದ್ಯಾರ್ಥಿವೇತನದ ಹಣ ಮಕ್ಕಳ ಕೈಸೇರಲು ಏಳು ವಾರಗಳು ತಡವಾದವು.

ಅವನು ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಒಂದು ಭಾನುವಾರ ನನ್ನೆದುರು ಲ್ಯಾಪ್‌ಟಾಪ್ ತೆರೆದಿಟ್ಟು, “ನೋಡಿ ಮಾಮ, ಇದು ನಮ್ಮ ಸಂಘದ ಸಾಫ್ಟ್‌ವೇರಿನ ಚರಿತ್ರೆ” ಎಂದ. ನಾನು ಕಂಡದ್ದೇನೆಂಬುದನ್ನು ಹೇಳುವ ಮೊದಲು, ಆ ಚಿತ್ರಕ್ಕೆ ಆಧಾರವಾದ ದಾಖಲೆ ಎಂತಹುದೆಂಬುದನ್ನು ಸ್ವಲ್ಪ ವಿವರಿಸಬೇಕಾಗುತ್ತದೆ.

ಮುಂಬಯಿಯ ಉಡುಪಿ ಹೋಟೆಲುಗಳ ಗಲ್ಲಾದ ಬಳಿ ಹಿಂದೆ ಎರಡು ಪುಸ್ತಕಗಳಿರುತ್ತಿದ್ದುದನ್ನು ಹಿರಿಯರು ಬಲ್ಲರು. ದಿನದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಬರೆಯುವ ಪುಸ್ತಕ ಕಿರ್ದಿ. ಅದರಿಂದ ತೆಗೆದು ಒಬ್ಬೊಬ್ಬರ ಹೆಸರಿನಲ್ಲಿ ಬರೆಯುವುದು ಖಾತೆ. ಇವತ್ತು ಯಾರ ಲೆಕ್ಕ ಎಷ್ಟಿದೆ ಎಂಬುದನ್ನು ಖಾತೆ ಹೇಳುತ್ತದೆ. ಅದು ಹೇಗೆ ಅಷ್ಟಾಯಿತೆಂಬುದನ್ನು ಕಿರ್ದಿ ಹೇಳುತ್ತದೆ. ತಂತ್ರಾಂಶದಲ್ಲಿಯೂ ಹೀಗೆಯೇ. ಯಂತ್ರವು ಓದಿ ನಡೆಸುವ ಇವತ್ತಿನ ಬರಹ, ಅಂದರೆ ‘ಕೋಡ್’, ಖಾತೆಯ ಕೊನೆಯ ಶಿಲ್ಕಿನಂತೆ. ಅದು ಈ ರೂಪಕ್ಕೆ ಬರಲು ಸಾವಿರಾರು ಸಲ ಬದಲಾಗಿರುತ್ತದೆ. ಆ ಒಂದೊಂದು ಬದಲಾವಣೆಯನ್ನೂ ಕಿರ್ದಿಯಂತೆ ಬರೆದಿಡುವ ಭಂಡಾರಕ್ಕೆ ‘ರೆಪಾಸಿಟರಿ’ ಎಂದೂ, ಒಂದು ನಮೂದಿಗೆ ‘ಕಮಿಟ್’ ಎಂದೂ ಹೆಸರು.

ಈ ಪದ್ಧತಿಗೆ ಐವತ್ತು ವರ್ಷಗಳ ವಯಸ್ಸಾಗಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವರು 1972ರಲ್ಲಿ ಇಂತಹ ಮೊದಲ ವ್ಯವಸ್ಥೆಯನ್ನು ರೂಪಿಸಿದರು. 1982ರಲ್ಲಿ ವಾಲ್ಟರ್ ಟಿಕಿ, 1986ರಲ್ಲಿ ಡಿಕ್ ಗ್ರೂನ್ ಅದನ್ನು ಸುಧಾರಿಸಿದರು. ಈಗ ಬಹುತೇಕ ಎಲ್ಲೆಡೆ ಬಳಕೆಯಲ್ಲಿರುವುದು ‘ಗಿಟ್’. ಲಿನಕ್ಸ್ ಕಾರ್ಯವ್ಯವಸ್ಥೆಯ ಜನಕ ಲಿನಸ್ ಟೊರ್ವಾಲ್ಡ್ಸ್, ತಾವು ಅಲ್ಲಿಯವರೆಗೆ ಬಳಸುತ್ತಿದ್ದ ವ್ಯವಸ್ಥೆಯ ಉಚಿತ ಪರವಾನಗಿ ನಿಂತುಹೋದುದರಿಂದ, 2005ರ ಏಪ್ರಿಲಿನಲ್ಲಿ ಕೆಲವೇ ದಿನಗಳಲ್ಲಿ ಇದನ್ನು ಬರೆದರು.

ಗಿಟ್‌ನ ಒಂದು ನಮೂದಿನಲ್ಲಿ ಬರೆದವರ ಹೆಸರು, ಈ-ಮೇಲ್ ವಿಳಾಸ, ದಿನಾಂಕ, ಸೆಕೆಂಡಿನವರೆಗಿನ ವೇಳೆ, ಆ ವೇಳೆ ಯಾವ ವಲಯದ್ದೆಂಬ ಗುರುತು (ನಮ್ಮ ದೇಶಕ್ಕಾದರೆ +0530), ಬದಲಾವಣೆಯ ಕಾರಣವನ್ನು ಹೇಳುವ ಒಂದೆರಡು ಸಾಲುಗಳು ಮತ್ತು ಆ ಕ್ಷಣದಲ್ಲಿ ಎಲ್ಲ ಕಡತಗಳು ಹೇಗಿದ್ದವೆಂಬ ಚಿತ್ರ ಅಡಕವಾಗಿರುತ್ತವೆ. ಇವೆಲ್ಲವನ್ನೂ ಗಣಿತದ ಒಂದು ಸೂತ್ರದಲ್ಲಿ ಹಾಯಿಸಿ 40 ಅಕ್ಷರ-ಅಂಕಿಗಳ ಮುದ್ರೆಯೊಂದನ್ನು ಪಡೆಯಲಾಗುತ್ತದೆ. ಮುಖ್ಯ ಸಂಗತಿಯೆಂದರೆ, ಹಿಂದಿನ ನಮೂದಿನ ಮುದ್ರೆಯೂ ಮುಂದಿನದರೊಳಗೆ ಸೇರಿರುತ್ತದೆ. ‘ಹಿಂದಿನ ಪುಟದಿಂದ ತಂದ ಮೊತ್ತ’ ಎಂದು ಲೆಡ್ಜರಿನ ಪುಟದ ತಲೆಯಲ್ಲಿ ಬರೆಯುತ್ತಿದ್ದರಲ್ಲ, ಅದರಂತೆ. ನಡುವಿನ ಒಂದು ಪುಟವನ್ನು ಯಾರಾದರೂ ಗುಟ್ಟಾಗಿ ತಿದ್ದಿದರೆ ಅಲ್ಲಿಂದಾಚೆಗಿನ ಎಲ್ಲ ಮುದ್ರೆಗಳೂ ಬದಲಾಗಿ, ಬೇರೆಯವರ ಬಳಿಯಿರುವ ಪ್ರತಿಯೊಡನೆ ತಾಳೆಯಾಗದೆ ಸಿಕ್ಕಿಬೀಳುತ್ತಾರೆ.

ಬ್ಯಾಂಕಿನವನಾದ ನನಗೆ ಇಲ್ಲಿ ಒಂದು ಸಂಶಯ ಬಂದಿತು. ಹೆಸರು, ದಿನಾಂಕಗಳನ್ನು ಪರೀಕ್ಷಿಸುವವರು ಯಾರು? ಯಾರೂ ಇಲ್ಲ. ಬರೆಯುವವನು ತನ್ನ ಯಂತ್ರದಲ್ಲಿ ಯಾವ ಹೆಸರನ್ನು ಕೊಟ್ಟಿರುವನೋ, ಯಾವ ಗಡಿಯಾರವನ್ನು ಇಟ್ಟಿರುವನೋ ಅದನ್ನೇ ಗಿಟ್ ನಂಬುತ್ತದೆ. ಪ್ರತ್ಯೇಕವಾಗಿ ಡಿಜಿಟಲ್ ಸಹಿ ಹಾಕುವ ಏರ್ಪಾಡು ಉಂಟು, ಆದರೆ ಅದು ಕಡ್ಡಾಯವಲ್ಲ. ಆದ್ದರಿಂದ ಈ ಕಿರ್ದಿಯಲ್ಲಿ ನಮೂದುಗಳ ಕ್ರಮ ಭದ್ರ, ದಿನಾಂಕ ಮತ್ತು ಹೆಸರು ಮಾತ್ರ ವಿಶ್ವಾಸದ ಮೇಲೆ. ನಮ್ಮ ದೇಶದ ಕಂಪನಿ ಲೆಕ್ಕಪತ್ರಗಳ ನಿಯಮದಂತೆ 1-4-2023ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ದಿನಾಂಕ ಸಹಿತ ಉಳಿಯಬೇಕು, ಮತ್ತು ಆ ಸೌಲಭ್ಯವನ್ನು ನಿಲ್ಲಿಸಲು ಬರುವಂತಿರಬಾರದು. ನಾವು ಲೆಕ್ಕದವರು ಕಾನೂನಿನ ಒತ್ತಾಯದಿಂದ ಕೈಗೊಂಡ ಶಿಸ್ತನ್ನು ತಂತ್ರಾಂಶದವರು ತಮ್ಮ ಅನುಕೂಲಕ್ಕಾಗಿ ಬಹಳ ಮೊದಲೇ ರೂಢಿಸಿಕೊಂಡಿದ್ದರೆಂದು ಒಪ್ಪಿಕೊಳ್ಳಬೇಕು.

ದಾಖಲೆಯೇನೋ ಇದೆ, ಆದರೆ ಅದನ್ನು ಓದುವವರಾರು? ಹತ್ತು ವರ್ಷ ನಡೆದ ಯೋಜನೆಯಲ್ಲಿ ಹತ್ತಾರು ಸಾವಿರ ನಮೂದುಗಳಿರುತ್ತವೆ. ಹೃದಯದ ಬಡಿತವನ್ನು ಅಂಕಿಗಳಲ್ಲಿ ಬರೆದುಕೊಟ್ಟರೆ ವೈದ್ಯರಿಗೂ ಪ್ರಯೋಜನವಿಲ್ಲ. ಅದನ್ನೇ ಇಸಿಜಿ ಕಾಗದದ ಮೇಲೆ ಗೆರೆಯಾಗಿ ಎಳೆದಾಗ ಅನುಭವಿ ಕಣ್ಣು ಒಂದು ನೋಟದಲ್ಲಿ ದೋಷವನ್ನು ಗುರುತಿಸುತ್ತದೆ. ಇದೇ ವಿಚಾರದಿಂದ ಬೆಲ್ ಪ್ರಯೋಗಶಾಲೆಯ ಸ್ಟೀಫನ್ ಐಕ್ ಮತ್ತು ಸಂಗಡಿಗರು 1992ರಲ್ಲಿ ‘ಸೀಸಾಫ್ಟ್’ ಎಂಬ ಸಾಧನವನ್ನು ಪ್ರಕಟಿಸಿದರು. ಕೋಡಿನ ಒಂದೊಂದು ಸಾಲೂ ಪರದೆಯ ಮೇಲೆ ಕೂದಲೆಳೆಯಂತಹ ಒಂದು ಬಣ್ಣದ ಗೆರೆ. ಹೊಸದಾಗಿ ಬದಲಾದುದು ಕೆಂಪು, ಬಹುಕಾಲ ಮುಟ್ಟದೆ ಬಿಟ್ಟದ್ದು ನೀಲಿ. 50,000 ಸಾಲುಗಳನ್ನು ಒಂದೇ ಪರದೆಯಲ್ಲಿ ಕಾಣಬಹುದಾಗಿತ್ತು. ಪದೇ ಪದೇ ಕೆಂಪಾಗುವ ಜಾಗದಲ್ಲಿಯೇ ರೋಗವೆಂದು ಊಹಿಸಲು ವಿಶೇಷ ಜ್ಞಾನ ಬೇಕಾಗಿಲ್ಲ.

ಸೀಸಾಫ್ಟ್ ಸಾಲುಗಳನ್ನು ತೋರಿಸಿತು. ಸಾಲುಗಳ ಹಿಂದಿದ್ದ ಮನುಷ್ಯರನ್ನು ಚಿತ್ರದ ನಡುವೆ ತಂದವರು ಅನಂತರದವರು. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ವಿದ್ಯಾರ್ಥಿಯಾಗಿದ್ದ ಮೈಕೇಲ್ ಒಗಾವಾ ‘ಕೋಡ್ ಸ್ವಾರ್ಮ್’ ಎಂಬ ಚಲಚ್ಚಿತ್ರಗಳನ್ನು ಮಾಡಿದರು. ಬರೆಯುವವರ ಹೆಸರುಗಳ ಸುತ್ತ ಕಡತಗಳು ಮಿಂಚುಹುಳುಗಳಂತೆ ಸುಳಿಯುತ್ತವೆ. ಮರುವರ್ಷ, 2009ರಲ್ಲಿ, ಆಂಡ್ರೂ ಕಾಡ್‌ವೆಲ್ ಎಂಬವರು ‘ಗೋರ್ಸ್’ ಎಂಬ ಉಚಿತ ತಂತ್ರಾಂಶವನ್ನು ಹೊರತಂದರು. ನನ್ನ ಸೋದರಳಿಯ ತೋರಿಸಿದ್ದು ಇದನ್ನೇ.

ಕಪ್ಪು ಪರದೆಯ ನಡುವೆ ಒಂದು ಬೆಳಕಿನ ಬಿಂದು. ಅದೇ ಬೇರು. ಅಲ್ಲಿಂದ ಕೊಂಬೆಗಳು ಚಾಚುತ್ತವೆ. ಒಂದೊಂದು ಕೊಂಬೆಯೂ ಕಡತಗಳನ್ನಿಟ್ಟ ಒಂದು ಕೋಶ, ಕೊಂಬೆಯ ತುದಿಯ ಎಲೆಗಳು ಕಡತಗಳು, ಎಲೆಯ ಬಣ್ಣ ಕಡತದ ಜಾತಿಯನ್ನು ಹೇಳುತ್ತದೆ. ಬರೆಯುವವರು ಪುಟ್ಟ ಬೊಂಬೆಗಳಾಗಿ ಮರದ ಸುತ್ತ ತೇಲುತ್ತಾರೆ. ಬೇಕೆಂದರೆ ಬೊಂಬೆಯ ಬದಲು ಅವರವರ ಭಾವಚಿತ್ರವನ್ನೇ ಇರಿಸಬಹುದು. ಯಾರಾದರೂ ಕಡತವೊಂದನ್ನು ಮುಟ್ಟಿದಾಗ ಅವರಿಂದ ಆ ಎಲೆಗೆ ಬೆಳಕಿನ ಗೆರೆಯೊಂದು ಹಾಯುತ್ತದೆ: ಹೊಸದಾಗಿ ಸೇರಿಸಿದರೆ ಹಸಿರು, ತಿದ್ದಿದರೆ ಕಿತ್ತಳೆ, ತೆಗೆದುಹಾಕಿದರೆ ಕೆಂಪು. ಮೇಲ್ತುದಿಯಲ್ಲಿ ದಿನಾಂಕ ಓಡುತ್ತಿರುತ್ತದೆ. ಬಹುದಿನ ಏನೂ ಮಾಡದವರ ಬೊಂಬೆ ಮಸುಕಾಗಿ ಮಾಯವಾಗುತ್ತದೆ. ಒಂದು ದಿನವನ್ನು ಎಷ್ಟು ಸೆಕೆಂಡುಗಳಲ್ಲಿ ತೋರಿಸಬೇಕೆಂಬುದನ್ನು ನಾವೇ ನಿಗದಿಪಡಿಸಬಹುದು. ಗಿಟ್ ಭಂಡಾರವಿಲ್ಲದಿದ್ದರೂ ನಡೆದೀತು. ಒಂದು ಸಾಲಿನಲ್ಲಿ ವೇಳೆ, ಹೆಸರು, ಕ್ರಿಯೆ, ಕಡತ ಇವಿಷ್ಟನ್ನು ಲಂಬಗೆರೆಗಳಿಂದ ಬೇರ್ಪಡಿಸಿ ಬರೆದುಕೊಟ್ಟರೆ ಅದನ್ನೂ ಗೋರ್ಸ್ ಚಿತ್ರವಾಗಿಸುತ್ತದೆ. ನಮ್ಮ ಸಂಘದ ಗ್ರಂಥಾಲಯದ ಪುಸ್ತಕ ಕೊಟ್ಟು-ತಂದ ವಹಿಯನ್ನು ಹೀಗೆ ಮಾಡಿ ನೋಡಬೇಕೆಂಬ ಆಸೆ ನನಗುಂಟು. ಯಾವ ಕಪಾಟಿಗೆ ಹತ್ತು ವರ್ಷಗಳಿಂದ ಯಾರ ಕೈಯೂ ತಾಗಿಲ್ಲವೆಂಬುದು ಬಯಲಾದೀತೆಂಬ ಭಯವೂ ಉಂಟು.

ಮಾದರಿಗಾಗಿ ಅವನು ನನಗೆ ಮೊದಲು ದೊಡ್ಡ ಮರವೊಂದನ್ನು ತೋರಿಸಿದ. ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಯಾವ ಕೀಲಿಯನ್ನು ಒತ್ತಿದರೆ ಯಾವ ಅಕ್ಷರ ಮೂಡಬೇಕೆಂಬುದನ್ನು ನಿರ್ಧರಿಸುವ ಕೀಲಿಮಣೆ ವಿನ್ಯಾಸಗಳ ಭಂಡಾರವದು. ಜಗತ್ತಿನ ನೂರಾರು ಭಾಷೆಗಳ ನಡುವೆ ಭಾರತದ ಭಾಷೆಗಳೆಲ್ಲ ಒಂದೇ ಎಲೆಯಲ್ಲಿ, ಅಂದರೆ ಒಂದೇ ಕಡತದಲ್ಲಿ ಇವೆ. ಅದರಲ್ಲಿ ‘ಕಗಪ’ ಎಂಬ ಹೆಸರು ಕಂಡು ನಾನು ಕುರ್ಚಿಯಿಂದ ಮುಂದಕ್ಕೆ ಬಾಗಿದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಆ ವಿನ್ಯಾಸದ ಮೂಲ ಕೆ. ಪಿ. ರಾವ್ ಅವರದು. ಕರಾವಳಿಯಿಂದ ಬಂದು ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಟಾಟಾ ಪ್ರೆಸ್ಸಿನಲ್ಲಿಯೂ ದುಡಿದವರು ಅವರು. ಗಣಕದಲ್ಲಿ ಕನ್ನಡ ಬರೆಯುವ ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟು, ಹಣ ಪಡೆಯದೆ ಜನರಿಗೆ ಹಂಚಿದರು. ಇಂಗ್ಲಿಷ್ ಕೀಲಿಮಣೆಯ ಉಚ್ಚಾರವನ್ನನುಸರಿಸಿ ಕೆಲವೇ ಕೀಲಿಗಳಲ್ಲಿ ಕನ್ನಡದ ಎಲ್ಲ ಗುಣಿತಾಕ್ಷರ, ಒತ್ತಕ್ಷರಗಳನ್ನು ಮೂಡಿಸುವ ಆ ಯುಕ್ತಿಯನ್ನು ಈ ಭಂಡಾರದಲ್ಲಿ ಕನ್ನಡಕ್ಕೆ ಮಾತ್ರವಲ್ಲ, ಹಿಂದಿ, ತೆಲುಗು, ಸಂಸ್ಕೃತ, ಮರಾಠಿಗಳಿಗೂ ಅಳವಡಿಸಿದ್ದಾರೆ. ಮರಾಠಿ ನಾಡಿನಲ್ಲಿ ಅನ್ನ ಉಣ್ಣುತ್ತಿರುವ ನಮಗೆ ಇದು ಸಣ್ಣ ಋಣಸಂದಾಯದಂತೆ ಕಂಡರೆ ತಪ್ಪಿಲ್ಲ. ಆದರೆ ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ಈ ಚಿತ್ರದಲ್ಲಿ ಕೆ. ಪಿ. ರಾವ್ ಅವರ ಬೊಂಬೆ ಎಲ್ಲಿಯೂ ಇರುವುದಿಲ್ಲ. ಕಡತಕ್ಕೆ ಸಾಲುಗಳನ್ನು ಸೇರಿಸಿದವರ ಹೆಸರಷ್ಟೇ ಕಿರ್ದಿಯಲ್ಲಿ ಬರುತ್ತದೆ, ಆ ಯುಕ್ತಿಯನ್ನು ಯೋಚಿಸಿದವರದು ಬರುವುದಿಲ್ಲ.

ಲಿನಕ್ಸಿನ ಭಂಡಾರದಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ತಿಳುವಳಿಕೆಗೆ ಅವಕಾಶವಿದೆ. ಲಿನಕ್ಸ್ ಆರಂಭವಾದದ್ದು 1991ರಲ್ಲಿ. 2005ರ ಏಪ್ರಿಲ್ 16ರಂದು ಅದನ್ನು ಗಿಟ್‌ಗೆ ವರ್ಗಾಯಿಸುವಾಗ ಟೊರ್ವಾಲ್ಡ್ಸ್ ಹಳೆಯ ಇತಿಹಾಸವನ್ನು ತರುವ ಗೋಜಿಗೆ ಹೋಗದೆ, 17 ಸಾವಿರಕ್ಕೂ ಮಿಕ್ಕ ಕಡತಗಳನ್ನು ಒಂದೇ ನಮೂದಿನಲ್ಲಿ ಸೇರಿಸಿಬಿಟ್ಟರು. ಹದಿನಾಲ್ಕು ವರ್ಷಗಳಲ್ಲಿ ಅಸಂಖ್ಯ ಜನರು ಮಾಡಿದ ಕೆಲಸವು ಒಬ್ಬರ ಹೆಸರಿನಲ್ಲಿ ಆರಂಭಿಕ ಶಿಲ್ಕಾಗಿ ಕುಳಿತಿದೆ. ಚಿತ್ರವನ್ನಷ್ಟೇ ನೋಡಿದವನಿಗೆ ಒಬ್ಬ ಮನುಷ್ಯ ಒಂದೇ ದಿನದಲ್ಲಿ ಕಾಡನ್ನೇ ಬೆಳೆಸಿದಂತೆ ತೋರುತ್ತದೆ.

ಈಗ ನಮ್ಮ ಸಂಘದ ಚಿತ್ರಕ್ಕೆ ಬರುತ್ತೇನೆ. ಎಂಟು ವರ್ಷಗಳ ಕಥೆ ಎರಡು ನಿಮಿಷಗಳಲ್ಲಿ ಮುಗಿಯಿತು. 2016ರ ಜೂನಿನಲ್ಲಿ ಒಂದು ಬೊಂಬೆ ಕಾಣಿಸಿಕೊಂಡಿತು, ನನ್ನ ಸೋದರಳಿಯನ ಭಾವಚಿತ್ರವೇ. ಸದಸ್ಯರು, ರಸೀದಿ, ವಿದ್ಯಾರ್ಥಿವೇತನ ಎಂಬ ಕೊಂಬೆಗಳು ಒಂದಾದ ಮೇಲೊಂದರಂತೆ ಚಿಗುರಿದವು. 2018ರಲ್ಲಿ ಇನ್ನೊಂದು ಬೊಂಬೆ ಬಂದು, ಐದಾರು ವಾರ ಸುಳಿದಾಡಿ ಮಸುಕಾಯಿತು. ಅವನ ಗೆಳೆಯ, ಬೆಂಗಳೂರಿಗೆ ವರ್ಗವಾಗಿ ಹೋದವನು. ಮುಂದೆ ಕೊನೆಯವರೆಗೂ ಒಂದೇ ಬೊಂಬೆ. ತಿಂಗಳುಗಟ್ಟಲೆ ಮರ ನಿಶ್ಚಲವಾಗಿರುತ್ತದೆ. ವಾರ್ಷಿಕೋತ್ಸವ ಸಮೀಪಿಸುತ್ತಿದ್ದಂತೆ ಆ ಒಂದೇ ಬೊಂಬೆ ಕೊಂಬೆಯಿಂದ ಕೊಂಬೆಗೆ ಹಾರಾಡಿ ಕಿತ್ತಳೆ ಗೆರೆಗಳನ್ನು ಸುರಿಸುತ್ತದೆ. ಎಂಟು ವರ್ಷವೂ ಹೀಗೆಯೇ.

ಬಳಿಕ ಅವನು ಇನ್ನೊಂದು ಬಗೆಯ ಚಿತ್ರವನ್ನು ತೋರಿಸಿದ. ಅಡ್ಡಸಾಲಿನಲ್ಲಿ ದಿನದ 24 ಗಂಟೆಗಳು, ಕೆಳಗೆ ಕೆಳಗೆ ವಾರದ ಏಳು ದಿನಗಳು. ಹೆಚ್ಚು ನಮೂದುಗಳಾದ ಕಡೆ ದೊಡ್ಡ ಚುಕ್ಕೆ, ಕಡಿಮೆಯಾದ ಕಡೆ ಸಣ್ಣದು. ಬೆಳಗಿನಿಂದ ಸಂಜೆಯವರೆಗಿನ ಅಂಕಣಗಳು ಭಾನುವಾರವೊಂದನ್ನು ಬಿಟ್ಟರೆ ಖಾಲಿ. ರಾತ್ರಿ ಹನ್ನೊಂದರಿಂದ ಎರಡರವರೆಗೆ ಚುಕ್ಕೆಗಳು ಹಲಸಿನ ಬೀಜದಷ್ಟು ದಪ್ಪ.

“ಆಫೀಸಿನಿಂದ ಬಂದ ಮೇಲೆ ಇದನ್ನೆಲ್ಲ ಮಾಡ್ತಿದ್ದೆಯೇನೋ?” ಎಂದೆ.

“ಮತ್ತೆ ಇನ್ಯಾವಾಗ ಮಾಮ?” ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಆ ಚುಕ್ಕೆಗಳನ್ನು ನೋಡುತ್ತಿದ್ದಳು. ಏನೂ ಮಾತಾಡಲಿಲ್ಲ. ಸಂಘದ ವರದಿಗಳಲ್ಲಿ ವರ್ಷವರ್ಷವೂ ‘ಸದಸ್ಯತ್ವದ ಗಣಕೀಕರಣವು ಸುಗಮವಾಗಿ ಸಾಗಿದೆ’ ಎಂಬ ವಾಕ್ಯವಿರುತ್ತಿತ್ತು. ಅದನ್ನು ಎರಡು ವರ್ಷ ನಾನೇ ಬರೆದಿದ್ದೆ.

ತಂತ್ರಾಂಶದವರೆಲ್ಲರೂ ರಾತ್ರಿ ನಿದ್ದೆಗೆಟ್ಟು ದುಡಿಯುತ್ತಾರೆಂದು ಪಾಲಕರು ಇದರಿಂದ ಗಾಬರಿಗೊಳ್ಳಬೇಕಾಗಿಲ್ಲ. ಮೊಜಿಲ್ಲಾ, ಅಪಾಚೆ ಮೊದಲಾದ ಬೃಹತ್ ಯೋಜನೆಗಳ ನಮೂದುಗಳ ವೇಳೆಯನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅವರಲ್ಲಿ ಸುಮಾರು ಮೂರನೆಯ ಎರಡು ಪಾಲು ಜನ ಮುಖ್ಯವಾಗಿ ಬೆಳಿಗ್ಗೆ 10ರಿಂದ ಸಂಜೆ 6ರ ಕಛೇರಿ ವೇಳೆಯಲ್ಲಿಯೇ ಕೆಲಸ ಮಾಡುವವರು. ಇನ್ನುಳಿದ ಮೂರನೆಯ ಒಂದು ಪಾಲಿನಲ್ಲಿ ತಮ್ಮ ಮಗನೋ ಮಗಳೋ ಇದ್ದಾರೆಯೇ ಎಂಬುದನ್ನು ಮನೆಯವರು ಚಿತ್ರವಿಲ್ಲದೆಯೂ ಬಲ್ಲರು.

ಒಬ್ಬನ ಮೇಲೆಯೇ ಎಲ್ಲವೂ ನಿಂತಿರುವ ಇಂತಹ ಸ್ಥಿತಿಗೆ ತಂತ್ರಾಂಶದವರಲ್ಲಿ ಒಂದು ಅಮಂಗಳಕರವಾದ ಹೆಸರಿದೆ: ‘ಬಸ್ ಫ್ಯಾಕ್ಟರ್’. ಎಷ್ಟು ಮಂದಿ ಬಸ್ಸಿನಡಿ ಸಿಕ್ಕರೆ ಕೆಲಸ ನಿಂತುಹೋಗುತ್ತದೆ ಎಂಬ ಸಂಖ್ಯೆ ಅದು. ನಮ್ಮದು ಒಂದು. ನಮ್ಮ ಸಂಘದ ವಿಷಯವಿರಲಿ, ಜಗತ್ತಿನ ಬಹಳಷ್ಟು ಯಂತ್ರಗಳು ಅವಲಂಬಿಸಿರುವ ತಂತ್ರಾಂಶಗಳಲ್ಲಿಯೂ ಈ ಸಂಖ್ಯೆ ಒಂದಾಗಿರುವುದುಂಟು. ಅದರ ಪರಿಣಾಮ 2024ರಲ್ಲಿ ಕಂಡುಬಂದಿತು.

ಕಡತಗಳನ್ನು ಕುಗ್ಗಿಸಿ ಸಣ್ಣದಾಗಿಸುವ ‘ಎಕ್ಸ್‌ಝಡ್ ಯುಟಿಲ್ಸ್’ ಎಂಬ ಉಚಿತ ತಂತ್ರಾಂಶವನ್ನು ಫಿನ್ಲೆಂಡಿನ ಲಾಸೆ ಕೊಲಿನ್ ಎಂಬವರು ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬರೇ ನೋಡಿಕೊಂಡು ಬಂದಿದ್ದರು. 2021ರ ಸುಮಾರಿಗೆ ‘ಜಿಯಾ ಟಾನ್’ ಎಂಬ ಹೆಸರಿನವರೊಬ್ಬರು ಬಂದು ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳುಹಿಸತೊಡಗಿದರು. ಇತ್ತ ಬೇರೆ ಬೇರೆ ಹೆಸರಿನವರಿಂದ ‘ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ವಹಿಸಿಕೊಡಿ’ ಎಂಬ ಒತ್ತಾಯ. ತಮಗೆ ದೀರ್ಘಕಾಲದಿಂದ ಮಾನಸಿಕ ಆರೋಗ್ಯದ ತೊಂದರೆಯಿದೆಯೆಂದೂ, ಇದು ವೇತನವಿಲ್ಲದ ಹವ್ಯಾಸವೆಂಬುದನ್ನು ಮರೆಯಬಾರದೆಂದೂ ಕೊಲಿನ್ 2022ರ ಜೂನಿನಲ್ಲಿ ಬಹಿರಂಗವಾಗಿಯೇ ಬರೆದರು. ದಣಿದವರಿಗೆ ಸಹಾಯಹಸ್ತ ಬೇಕಾಗಿತ್ತು. ಸಿದ್ಧವಾಗಿದ್ದ ಕೈ ಒಂದೇ. ಕ್ರಮೇಣ ಜಿಯಾ ಟಾನ್‌ಗೆ ಭಂಡಾರದ ಕೀಲಿಕೈಯೂ ದೊರಕಿತು. 2024ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಆವೃತ್ತಿಗಳಲ್ಲಿ, ದೂರದಿಂದ ಯಂತ್ರಗಳೊಳಗೆ ನುಗ್ಗಲು ಅನುವಾಗುವ ಕಳ್ಳದಾರಿಯೊಂದನ್ನು ಅಡಗಿಸಿಡಲಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ತಮ್ಮ ಯಂತ್ರಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿದೆಯೆಂಬ ಕ್ಷುಲ್ಲಕ ಕಾರಣವನ್ನು ಬೆನ್ನಟ್ಟಿ, ಮಾರ್ಚ್ 29ರಂದು ಇದನ್ನು ಬಯಲಿಗೆಳೆದರು. ಆ ಆವೃತ್ತಿಗಳು ಹೆಚ್ಚಾಗಿ ಪರೀಕ್ಷಾರ್ಥದ ಯಂತ್ರಗಳಿಗಷ್ಟೇ ತಲುಪಿದ್ದರಿಂದ ದೊಡ್ಡ ಅನಾಹುತ ತಪ್ಪಿತು.

ಅನಂತರ ಪರಿಣತರು ಆ ಭಂಡಾರದ ಇತಿಹಾಸವನ್ನು ಚಿತ್ರಗಳನ್ನಾಗಿಸಿ ಪರೀಕ್ಷಿಸಿದರು. ಹಳೆಯ ಬೊಂಬೆ ಮಸುಕಾಗುತ್ತ ಹೊಸದು ಪ್ರಖರವಾಗುತ್ತ ಹೋದುದು ಸ್ಪಷ್ಟವಾಗಿ ಕಾಣುತ್ತದೆ. ನಮೂದುಗಳ ಕಾಲವಲಯವನ್ನೂ ಗುರುತುಹಾಕಿ ನೋಡಿದರು. ಬಹುತೇಕ ನಮೂದುಗಳು ಚೀನಾದ ಕಡೆಯ +0800 ಎಂದು ತೋರಿಸಿದರೆ, ಬೆರಳೆಣಿಕೆಯಷ್ಟು ಪೂರ್ವ ಯುರೋಪಿನ ಕಡೆಯ +0200, +0300 ಎಂದಿದ್ದವು. ಗಡಿಯಾರವನ್ನು ಬದಲಿಸಲು ಮರೆತ ದಿನಗಳಿರಬಹುದೆಂದು ಕೆಲವರ ಊಹೆ. ಆ ಹೆಸರಿನ ಹಿಂದಿದ್ದವರು ಯಾರೆಂಬುದು ಬಹಿರಂಗವಾಗಿಲ್ಲ. ನಾನು ಈ ವೃತ್ತಾಂತದಲ್ಲಿ ಎರಡು ಸಲ ಓದಿದ್ದು ಒಂದು ವಿವರವನ್ನು. ಕಳ್ಳದಾರಿಯ ಸಾಮಗ್ರಿ ಪರೀಕ್ಷಾ ಕಡತಗಳ ವೇಷದಲ್ಲಿ ಭಂಡಾರದೊಳಗೆ ಇತ್ತು. ಆದರೆ ಅದನ್ನು ಜಾಗೃತಗೊಳಿಸುವ ಸಾಲುಗಳು ಭಂಡಾರದಲ್ಲಿ ಇರಲೇ ಇಲ್ಲ. ಜನರು ಇಳಿಸಿಕೊಳ್ಳಲೆಂದು ಕಟ್ಟಿಟ್ಟ ಗಂಟಿನಲ್ಲಿ ಮಾತ್ರ ಇದ್ದವು. ಅಂದರೆ, ಕಿರ್ದಿಯಲ್ಲಿಲ್ಲದ ನಮೂದೊಂದು ಗಿರಾಕಿಯ ಕೈಗೆ ಕೊಟ್ಟ ಪಾಸ್‌ಬುಕ್ಕಿನಲ್ಲಿತ್ತು. ಕಿರ್ದಿಯಿಂದ ಬರೆದ ಚಿತ್ರ ಎಷ್ಟೇ ಅಂದವಾಗಿದ್ದರೂ ಇದನ್ನು ತೋರಿಸಲಾರದು. ಅದಕ್ಕೆ ನಮ್ಮ ಹಳೆಯ ಕಸುಬಾದ ತಾಳೆ ನೋಡುವುದೇ ಬೇಕು.

ಚಿತ್ರದ ದುರುಪಯೋಗದ ಬಗ್ಗೆಯೂ ಒಂದು ಮಾತು. ‘ಗಿಟ್‌ಹಬ್’ ಎಂಬ ತಾಣದಲ್ಲಿ ಪ್ರತಿಯೊಬ್ಬರ ಹೆಸರಿನೆದುರು ವರ್ಷದ ದಿನಕ್ಕೊಂದರಂತೆ ಹಸಿರು ಚೌಕಗಳಿರುತ್ತವೆ. ಕೆಲಸ ಹೆಚ್ಚಿದಷ್ಟೂ ಹಸಿರು ಗಾಢ. ಇದನ್ನು ನೋಡಿ ಒಬ್ಬನ ಯೋಗ್ಯತೆಯನ್ನು ಅಳೆಯುವವರೂ ಇದ್ದಾರಂತೆ. ಶಾಖೆಯಲ್ಲಿ ಅತಿ ಹೆಚ್ಚು ವೋಚರುಗಳನ್ನು ಬರೆದವನೇ ಶ್ರೇಷ್ಠ ನೌಕರನೆಂದು ಯಾವ ವ್ಯವಸ್ಥಾಪಕನೂ ತಿಳಿಯುವುದಿಲ್ಲ. ಒಂದು ತಪ್ಪನ್ನು ಹತ್ತು ಸಲ ತಿದ್ದಿದವನ ಹತ್ತು ನಮೂದುಗಳಿಗಿಂತ, ವಾರವೆಲ್ಲ ಯೋಚಿಸಿ ಒಂದು ಸಾಲನ್ನು ಅಳಿಸಿದವಳ ಒಂದು ನಮೂದು ಬೆಲೆಯುಳ್ಳದ್ದಾಗಿರಬಹುದು.

ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ಪೂರ್ವಸೂಚನೆಯಿಲ್ಲದೆ ವರ್ಷಕ್ಕೊಮ್ಮೆ ಒಂದೇ ಕಂತಿನಲ್ಲಿ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕು 2021ರ ಜುಲೈಯಲ್ಲಿ ನಿರ್ದೇಶಿಸಿದೆ. ವಂಚನೆಯಿದ್ದರೆ ಆ ಅವಧಿಯಲ್ಲಿ ಹೊರಬೀಳಲಿ ಎಂಬುದು ಅದರ ಉದ್ದೇಶ. ಆದರೆ ನಾವು ಶಾಖೆಯಲ್ಲಿದ್ದವರು ಕಂಡ ಇನ್ನೊಂದು ಲಾಭವೆಂದರೆ, ಆ ಹತ್ತು ದಿನಗಳಲ್ಲಿ ಇನ್ನೊಬ್ಬರು ಆ ಕೆಲಸವನ್ನು ಕಲಿತುಬಿಡುತ್ತಾರೆ. ಈ ನಿಯಮವನ್ನು ಸಂಘದ ತಂತ್ರಾಂಶಕ್ಕೂ ಅನ್ವಯಿಸಬೇಕೆಂದು ಸಮಿತಿಯ ಮುಂದೆ ನಾನು ಪ್ರಸ್ತಾಪಿಸಿದೆ. ಚಿತ್ರವನ್ನೂ ತೋರಿಸಿದೆ. ಗಲಾಟೆಯಿಲ್ಲದೆ ಎರಡು ನಿಮಿಷ ಸಭೆ ನಡೆದದ್ದು ಬಹುಶಃ ಅದೇ ಮೊದಲು. ಪಾಸ್‌ವರ್ಡುಗಳನ್ನು ಲಕೋಟೆಯಲ್ಲಿ ಮುದ್ರೆ ಮಾಡಿ ಖಜಾಂಚಿಯವರ ವಶದಲ್ಲಿಡುವುದು, ರಾತ್ರಿ ಒಂಬತ್ತರ ಮೇಲೆ ಈ ವಿಷಯಕ್ಕಾಗಿ ಯಾರೂ ಯಾರಿಗೂ ಫೋನು ಮಾಡಕೂಡದು, ಸಹಾಯಕ್ಕೆ ಇನ್ನಿಬ್ಬರನ್ನು ಹುಡುಕುವುದು ಎಂದು ನಿರ್ಣಯವಾಯಿತು. ಮೊದಲನೆಯದು ಮರುದಿನವೇ ಆಯಿತು. ಎರಡನೆಯದನ್ನು ಅಧ್ಯಕ್ಷರೇ ಎರಡು ಸಲ ಮುರಿದಿದ್ದಾರೆ.

ಮೂರನೆಯದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಇಬ್ಬರ ಬದಲು ಒಬ್ಬಳು ಸಿಕ್ಕಿದ್ದಾಳೆ, ಡೊಂಬಿವಲಿಯ ಇಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿ. ತಡವಾಗಿ ವಿದ್ಯಾರ್ಥಿವೇತನ ತಲುಪಿದ ಮಕ್ಕಳಲ್ಲಿ ಅವಳೂ ಒಬ್ಬಳೆಂದು ಆಮೇಲೆ ತಿಳಿಯಿತು. ಕಳೆದ ವಾರ ಸೋದರಳಿಯ ಹೊಸ ಚಿತ್ರವನ್ನು ಓಡಿಸಿ ತೋರಿಸಿದ. ಮರದ ಎಡಬದಿಯಲ್ಲಿ ಎರಡನೆಯ ಬೊಂಬೆ. ಅವಳು ಮೊದಲು ಮುಟ್ಟಿದ ಎಲೆ ಯಾವುದೆಂದು ಕೇಳಿದೆ. ಹೆಸರಿನ ಹಿಂದೆ ಊರು, ತಂದೆಯ ಇನಿಷಿಯಲ್ ಇಟ್ಟುಕೊಳ್ಳುವ ಮೈಸೂರು ಕಡೆಯವರ ಹೆಸರುಗಳನ್ನು ಇಲ್ಲಿನ ರೂಢಿಯಂತೆ ಅಡ್ಡಹೆಸರು ಮಾಡಿ ರಸೀದಿಯಲ್ಲಿ ತಲೆಕೆಳಗಾಗಿ ಮುದ್ರಿಸುತ್ತಿದ್ದ ಕಡತವಂತೆ. ಎಂಟು ವರ್ಷಗಳಿಂದ ಸದಸ್ಯರು ದೂರುತ್ತಿದ್ದುದನ್ನು ಅವಳು ಹನ್ನೊಂದು ಸಾಲುಗಳಲ್ಲಿ ಸರಿಪಡಿಸಿದ್ದಾಳೆ. ನಮೂದಿನ ವೇಳೆಯನ್ನೂ ನೋಡಿದೆ. ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ.